ಅಂಟು

ಮಿತೊ ಊರಿನ ನಮ್ಮ ಓಣಿಯಲ್ಲಿ
ಅಂಗಡಿ ಎಲ್ಲಿ ಎಂದು ಯಾರೂ ಕೇಳುವುದಿಲ್ಲ,
ಮೂಗೇ ಕರೆತರುತ್ತದೆ.
ನಲವತ್ತೊಂದು ವರ್ಷ ಸೋಯಾಕಾಳು ಬೇಯಿಸಿ
ಭತ್ತದ ಹುಲ್ಲಲ್ಲಿ ಸುತ್ತಿ, ಬೆಚ್ಚಗೆ ಮಲಗಿಸಿ
ನಾತ್ತೊ ಮಾಡಿ ಮಾರಿದ ಮನೆ.

ತಿನ್ನದವರಿಗೆ ಏನೆಂದು ಹೇಳಲಿ?
ಹಾಲಿಗೊಂದು ಹೆಪ್ಪು ಇರುವಂತೆ ಕಾಳಿಗೂ ಒಂದು ಹೆಪ್ಪು.
ಮಾರನೆಯ ದಿನ ಕಾಳಿಂದ ಕಾಳಿಗೆ ಲೋಳೆಯ ನೂಲು,
ಕಡ್ಡಿಯಲ್ಲಿ ಎತ್ತಿದರೆ ಜೇಡ ನಾಚಬೇಕು.
ಶಿಗೆಹಾರು ದಿನಾ ಬೆಳಿಗ್ಗೆ ನೂರು ಸುತ್ತು ಕಲಕುವನು,
ಎಣಿಸಿ. ಮಧ್ಯೆ ಮಾತಾಡಿಸಿದರೆ ಮತ್ತೆ ಒಂದರಿಂದ.
ಉಣ್ಣುವಾಗ ಒಂದೆಳೆ ಗಲ್ಲಕ್ಕೆ ಅಂಟುವುದು,
ನಾನು ಒರೆಸುವುದು.
ನಮ್ಮಲ್ಲಿ ಪ್ರೀತಿಯೆಂದರೆ ಹೆಚ್ಚುಕಡಿಮೆ ಅಷ್ಟೆ.

ಹೋದ ಚಳಿಗಾಲ ಅವನ ಎದೆ ತೆರೆದು
ಸವೆದ ಕವಾಟ ತೆಗೆದು ಲೋಹದ್ದು ಕೂರಿಸಿದರು.
ರಾತ್ರಿ ದೀಪ ಆರಿದ ಮೇಲೆ ಕೇಳುತ್ತದೆ:
ಟಿಕ್. ಟಿಕ್.
ಗೋಡೆಯ ಗಡಿಯಾರ ತೆಗೆದು ಅಡುಗೆಮನೆಗೆ ಹಾಕಿದೆ.
ಎರಡೂ ಕೇಳಿದರೆ ಯಾವುದು ನಿಂತಿತೆಂದು
ಹೇಗೆ ತಿಳಿಯಬೇಕು?

ಔಷಧದಂಗಡಿಯ ಹುಡುಗಿ ಚೀಟಿ ಬಿಡಿಸಿ ಹೇಳಿದಳು:
ಲೋಹದ ಮೇಲೆ ರಕ್ತ ಹೆಪ್ಪುಗಟ್ಟಬಾರದು.
ಹೆಪ್ಪುಗಟ್ಟಲು ಬೇಕಾದದ್ದು ವಿಟಮಿನ್ ಕೆ,
ಯಾವುದೋ ದೂರದ ಭಾಷೆಯಲ್ಲಿ ಹೆಪ್ಪಿಗೆ ಅದೇ ಮೊದಲಕ್ಷರ.
ವಾರ್ಫರಿನ್ ಮಾತ್ರೆ ಅದರ ಕೈ ಕಟ್ಟುತ್ತದೆ.
ಪಾಲಕ್ ತಿನ್ನಿ, ದಿನಾ ಒಂದೇ ಅಳತೆ;
ಇವತ್ತು ಬುಟ್ಟಿ, ನಾಳೆ ಬರಿತಟ್ಟೆ, ಹಾಗೆ ಬೇಡ.
ಆದರೆ ನಾತ್ತೊ...
ಎಂದವಳು ಚೀಟಿಯ ಮೇಲಿನ ಹೆಸರು ನೋಡಿ ತಡೆದಳು.
ಅವಳ ಮನೆಯ ಫ್ರಿಜ್ಜಿನಲ್ಲೂ ನಮ್ಮದೇ ಡಬ್ಬಿ.
"ಒಂದು ಚಮಚವೂ ಬೇಡ, ಅಜ್ಜಾ."

ಹೊರಗೆ ಬಂದು ಶಿಗೆಹಾರು ನಕ್ಕ, ಹೊಲಿಗೆ ಹಿಡಿದುಕೊಂಡು.
"ಇದೇ ಹೆಸರು ಕಣೇ! ಕಾಳಿನ ಉಗ್ರಾಣದಲ್ಲಿ
ಅಪ್ಪ ಇಲಿಗೆ ಇಡುತ್ತಿದ್ದ ಪುಡಿ.
ಸತ್ತ ಇಲಿಗಳೆಲ್ಲ ಎಲ್ಲೋ ಸಾಲಾಗಿ ಕೂತು
ನನ್ನನ್ನು ನೋಡುತ್ತಿರಬೇಕು."

ಕೈಗೆ ಬಂದ ತುತ್ತು ಬಾಯಿಗಿಲ್ಲ.
ಈಗಲೂ ಬೇಯಿಸುತ್ತಾನೆ, ಎಳೆ ಎತ್ತಿ ಬೆಳಕಿಗೆ ಹಿಡಿಯುತ್ತಾನೆ,
ಮೂಸುತ್ತಾನೆ, ಆಮೇಲೆ ಬಟ್ಟಲು ನನ್ನ ಕಡೆ ನೂಕಿ
"ಮಿತ್ಸುಯೊ, ಹೇಗಿದೆ?"

ಇಷ್ಟು ವರ್ಷ ಬಚ್ಚಿಟ್ಟ ಒಂದು ಮಾತು:
ನಾನು ಒಸಾಕಾದವಳು.
ಈ ನಾತ, ಈ ಲೋಳೆ, ನನಗೆ ಎಂದೂ ಹಿಡಿಸಿಲ್ಲ.
ಅತ್ತೆಯ ಮುಂದೆ ನುಂಗಿದೆ, ಗಿರಾಕಿಗಳ ಮುಂದೆ ಚಪ್ಪರಿಸಿದೆ.
ಈಗ ಅವನ ನಾಲಗೆ ನಾನೇ.
ನಲ್ಲಿಯ ಹತ್ತಿರ ನಿಂತು, ಕಣ್ಣು ಮುಚ್ಚಿ, ನಿಧಾನ ಅಗಿದು
"ನಿನ್ನೆಯದಕ್ಕಿಂತ ಸ್ವಲ್ಪ ಕಹಿ" ಅನ್ನುತ್ತೇನೆ.
ಮೊನ್ನೆ ಗೊತ್ತಾಯಿತು, ನಿಜವಾಗಿಯೂ ಕಹಿಯಿತ್ತು.

ವಸಂತದಲ್ಲಿ ಮಗಳು ಹೆತ್ತಳು. ನಗಿಸಾ.
ಮುಷ್ಟಿಯಷ್ಟು ಮುಖ, ಇನ್ನೂ ಖಾಲಿ ಹೊಟ್ಟೆ.
ಹೊಸ ಕೂಸಿನ ಮೈಯಲ್ಲಿ ಕೆ ಸಾಲದಂತೆ,
ತಾಯಿಯ ಹಾಲಲ್ಲೂ ತೀರ ಕಡಿಮೆಯಂತೆ,
ತಡೆಯದಿದ್ದರೆ ತಲೆಯೊಳಗೇ ರಕ್ತ ಒಸರಬಹುದಂತೆ.
ಅದಕ್ಕೇ ಶುಕ್ರವಾರಕ್ಕೊಂದು ಪೊಟ್ಟಣ ಪಾನಕ.

"ನಾನು ಹಾಕುತ್ತೇನೆ" ಎಂದ ಶಿಗೆಹಾರು.
ಪೊಟ್ಟಣದ ಮೂಲೆ ಕತ್ತರಿಸಿದ, ಅಕ್ಷರ ಓದಿದ,
ಹಳೆಯ ವ್ಯಾಪಾರಿಯಂತೆ ಮೂಸಿದ.
"ವಾಸನೆಯೇ ಇಲ್ಲವಲ್ಲ!" ಮುಖ ಸಪ್ಪಗಾಯಿತು.
ಕೂಸು ಚೀಪಿತು, ಮುಖ ಕಿವುಚಿತು, ಮತ್ತೆ ಚೀಪಿತು.
ಅಷ್ಟು ಹತ್ತಿರದಿಂದ ಅವನೆದೆಯ ಟಿಕ್ ಟಿಕ್ ಕೇಳಿ
ಕಣ್ಣು ದೊಡ್ಡದು ಮಾಡಿ ಹುಡುಕಿತು.

ಕೊನೆಯ ಒಂದು ಹನಿ ಅವನ ಬೆರಳಿಗೆ ಅಂಟಿ ಉಳಿಯಿತು.
ಬೆರಳು ತುಟಿಯ ತನಕ ಹೋಯಿತು, ರೂಢಿ.
ಮಣಿಕಟ್ಟು ಹಿಡಿದೆ.
ನನ್ನ ಸೆರಗಂಗಿಯ ತುದಿಯಿಂದ ಒರೆಸಿದೆ,
ಮೊದಲು ಗಲ್ಲ ಒರೆಸುತ್ತಿದ್ದ ಹಾಗೆಯೇ,
ಎರಡು ಸಲ.